ಕಾಣದವರಿಗೆ ಕಾರ್ಡು ಬರೆಯುವವರಿಗೆ ಒಂದಿಷ್ಟು ಕಿವಿಮಾತು

ಗುರುತು ಪರಿಚಯ ಇಲ್ಲದವರಿಗೆ ಪೋಸ್ಟ್‌ಕಾರ್ಡು ಬರೆಯುವುದು, ಗುರುತು ಪರಿಚಯ ಇಲ್ಲದವರಿಂದ ಕಾರ್ಡು ಪಡೆಯುವುದು: ಈ ಹವ್ಯಾಸ ನಿಮಗೂ ಹತ್ತಿದ್ದರೆ ನನಗೆ ಬಹಳ ಸಂತೋಷ. ಪೋರ್ಚುಗಲ್ಲಿನ ಪೌಲೊ ಮಗಲ್ಯಾಯಿಶ್ ಎಂಬ ಹುಡುಗ 2005ರ ಜುಲೈ 14ರಂದು ಶುರು ಮಾಡಿದ ಪೋಸ್ಟ್‌ಕ್ರಾಸಿಂಗ್ ಎಂಬ ಏರ್ಪಾಡಿನಲ್ಲಿ ಈವರೆಗೆ 7 ಕೋಟಿಗೂ ಹೆಚ್ಚು ಕಾರ್ಡುಗಳು ದೇಶದಿಂದ ದೇಶಕ್ಕೆ ಹೋಗಿ ಮುಟ್ಟಿವೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೆದ್ದಾರಿ ಇರುವ, ಕುಮಟೆಯ ಹತ್ತಿರದ ನಮ್ಮ ಧಾರೇಶ್ವರದಲ್ಲಿ ಕೂತೂ ಅದರಲ್ಲಿ ಸೇರಬಹುದು.

ಇದಕ್ಕೆ ದೊಡ್ಡ ಖರ್ಚಿಲ್ಲ, ದೊಡ್ಡ ಓದೂ ಬೇಡ. ಆದರೂ ಸಣ್ಣ ಸಣ್ಣ ಮರೆವಿನಿಂದ ಕಾರ್ಡು ಹಾಳಾಗುತ್ತದೆ, ಸ್ಟಾಂಪಿನ ದುಡ್ಡು ಹೋಗುತ್ತದೆ, ಆಚೆ ಕಡೆ ಯಾರೋ ಸುಮ್ಮನೆ ಕಾಯುತ್ತಾರೆ. ನಿಮ್ಮ ಮನಸ್ಸು ಒಳ್ಳೆಯದೇ, ಕೈಗೆ ಅವಸರ ಅಷ್ಟೆ. ಅದಕ್ಕೇ ಇಷ್ಟು ಹೇಳುತ್ತೇನೆ, ಕೇಳಿಸಿಕೊಳ್ಳಿ.

ಶುರು ಮಾಡುವ ಮೊದಲು

• ಏರ್ಪಾಡು ಹೇಗೆ ನಡೆಯುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಹೆಸರು ನೋಂದಾಯಿಸಿ ವಿಳಾಸ ಕೇಳಿದರೆ ಯಾವುದೋ ದೇಶದ ಒಬ್ಬರ ವಿಳಾಸ, ಜೊತೆಗೆ ಒಂದು ಕಾರ್ಡಿನ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಬರೆದ ಕಾರ್ಡನ್ನು ಅವರಿಗೆ ಕಳಿಸಿ. ಅದು ಕೈಗೆ ಬಂದು, ಅವರು ಸಂಖ್ಯೆ ದಾಖಲು ಮಾಡಿದ ಮೇಲೆ ನಿಮ್ಮ ವಿಳಾಸ ಮತ್ತೆ ಯಾರಿಗೋ ಹೋಗುತ್ತದೆ. ನಿಮಗೆ ಬರೆಯುವ ಸರದಿ ಅವರದ್ದು.

• ಯಾರಿಗೆ ಬರೆದಿರೋ ಅವರಿಂದಲೇ ತಿರುಗಿ ಬರುತ್ತದೆ ಎಂದು ಕೂರಬೇಡಿ. ನೀವು ಜರ್ಮನಿಗೆ ಬರೆದರೆ ನಿಮಗೆ ತೈವಾನಿನಿಂದ ಬಂದೀತು. ಮದುವೆಮನೆಯ ಮುಯ್ಯಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆ ಲೆಕ್ಕ ಬಿಟ್ಟರೆ ಮಾತ್ರ ಇದರ ಸುಖ ಗೊತ್ತಾಗುತ್ತದೆ.

• ಮೊದಲು 50 ಪೈಸೆಯ ಕಾರ್ಡಿನಲ್ಲಿ ಕೈ ಪಳಗಿಸಿಕೊಳ್ಳಿ. ಹುಬ್ಬಳ್ಳಿಯ ಚಿಕ್ಕಮ್ಮನಿಗೋ ಮುಂಬಯಿಯ ಮಾವನಿಗೋ ನಾಲ್ಕು ಸಾಲು ಬರೆದು ಹಾಕಿ. ಫೋನಿನಲ್ಲಿ ಬರೆದು ಅಭ್ಯಾಸವಾದ ಕೈಗೆ ಅಕ್ಷರದ ಅಳತೆ, ಸಾಲಿನ ಅಂತರ ಮರೆತುಹೋಗಿರುತ್ತದೆ. ಕಲಿಯುವುದನ್ನು ಅಗ್ಗದ ಕಾರ್ಡಿನಲ್ಲೇ ಕಲಿಯಿರಿ. ಚಿಕ್ಕಮ್ಮನಿಗೂ ಖುಷಿಯಾದೀತು.

• ಒಂದೇ ದಿನ ಐದೂ ವಿಳಾಸ ಕೇಳಬೇಡಿ. ಹೊಸಬರಿಗೆ ಒಟ್ಟಿಗೆ 5 ಕಾರ್ಡು ಕಳಿಸಲು ಅವಕಾಶವಿದೆ, ಹಾಗೆಂದು ಐದನ್ನೂ ಎಳೆದುಕೊಳ್ಳುವುದು ಬೇಡ. ಎರಡು ಕಳಿಸಿ, ಅವು ಮುಟ್ಟಿದ್ದು ತಿಳಿದ ಮೇಲೆ ಮತ್ತೆರಡು ಕಳಿಸಿ. ತಪ್ಪು ಏನಾದರೂ ಇದ್ದರೆ ಎರಡರಲ್ಲೇ ಗೊತ್ತಾಗುತ್ತದೆ.

• ತಿಂಗಳಿಗೆ ಇಷ್ಟು ಎಂದು ಹಣ ತೆಗೆದಿಡಿ. ಚಂದದ ಕಾರ್ಡು ಕಂಡಲ್ಲೆಲ್ಲ ಕೊಳ್ಳುತ್ತ ಹೋದರೆ ಕೊನೆಗೆ ಕಾರ್ಡು ಇರುತ್ತದೆ, ಸ್ಟಾಂಪಿಗೆ ಕಾಸಿರುವುದಿಲ್ಲ. ಮೊದಲು ಸ್ಟಾಂಪಿನ ದುಡ್ಡು, ಉಳಿದದ್ದರಲ್ಲಿ ಕಾರ್ಡು.

• ನಿಮ್ಮ ಪರಿಚಯ ಹೇಳುವ ಜಾಗವನ್ನು ಖಾಲಿ ಬಿಡಬೇಡಿ. ಏನು ಇಷ್ಟ, ಊರು ಎಂಥದ್ದು, ಯಾವ ಚಿತ್ರ ಕಂಡರೆ ಸಂತೋಷ ಎಂದು ನಾಲ್ಕು ಸಾಲು ಬರೆದಿಡಿ. ಅಲ್ಲಿ ಏನೂ ಇಲ್ಲದಿದ್ದರೆ ಬರೆಯುವವರು ಪೆನ್ನು ಹಿಡಿದು ಕೂತೇ ಇರುತ್ತಾರೆ. ಕೊನೆಗೆ ಬರುವುದು "ಹೇಗಿದ್ದೀರಿ" ಎಂಬ ಒಂದು ಸಾಲು.

ಕಾರ್ಡು ಆರಿಸುವಾಗ

• ನಮ್ಮ ಕಡೆ ಚಿತ್ರದ ಕಾರ್ಡು ಸಿಗುವುದಿಲ್ಲ ಎಂದು ಕೈಚೆಲ್ಲಬೇಡಿ. ಗೋಕರ್ಣ, ಮುರುಡೇಶ್ವರದಂಥ ಪ್ರವಾಸಿಗಳು ಬರುವ ಊರಿಗೆ ಹೋದಾಗ ಅಂಗಡಿಯಲ್ಲಿ ಕೇಳಿ ನೋಡಿ. ಬೆಂಗಳೂರು, ಮೈಸೂರಿಗೆ ಹೋಗುವವರಿದ್ದರೆ ಹೇಳಿ ಕಳಿಸಿ. ಸಿಕ್ಕಾಗ ಹತ್ತು ತಂದಿಟ್ಟುಕೊಳ್ಳಿ, ಬೇಕೆಂದ ದಿನ ಸಿಗುವುದಿಲ್ಲ.

• ಮನೆಗೆ ಬಂದ ಮದುವೆ ಕಾಗದ, ಉಪನಯನದ ಕಾಗದ ಎಸೆಯಬೇಡಿ. ಅದರ ದಪ್ಪ ರಟ್ಟಿನಲ್ಲಿ ಒಳ್ಳೆಯ ಕಾರ್ಡಾಗುತ್ತದೆ. ಬರಹ ಇಲ್ಲದ ಬದಿ ಹೊರಗೆ ಬರುವಂತೆ ಕತ್ತರಿಸಿ, ಇನ್ನೊಂದು ಬದಿಗೆ ಚಿತ್ರ ಅಂಟಿಸಿ. ಮಿಠಾಯಿ ಪೊಟ್ಟಣದ ರಟ್ಟು ಮಾತ್ರ ಬೇಡ. ಅದಕ್ಕೆ ತುಪ್ಪದ ಜಿಡ್ಡಿರುತ್ತದೆ, ಶಾಯಿ ಹತ್ತುವುದಿಲ್ಲ, ದಾರಿಯಲ್ಲಿ ಇರುವೆಯೂ ಹತ್ತೀತು.

• ಅಳತೆ ನೋಡಿಯೇ ಕತ್ತರಿಸಿ. 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲಕ್ಕಿಂತ ಚಿಕ್ಕದು ಬೇಡ. 23.5ಕ್ಕೆ 12 ಸೆಂಟಿಮೀಟರಿಗಿಂತ ದೊಡ್ಡದೂ ಬೇಡ. ಹೃದಯದ ಆಕಾರ, ಮಾವಿನಕಾಯಿಯ ಆಕಾರ ಎಂದೆಲ್ಲ ಕತ್ತರಿಸಿದರೆ ಯಂತ್ರದಲ್ಲಿ ಸಿಕ್ಕಿ ಹರಿಯುತ್ತದೆ.

• ನೀವೇ ತೆಗೆದ ಫೋಟೋ ಕಳಿಸಿ. ಕುಮಟೆಯ ಯಾವುದೇ ಸ್ಟುಡಿಯೋದಲ್ಲಿ ಆರು ಇಂಚಿಗೆ ನಾಲ್ಕು ಇಂಚಿನ ಪ್ರತಿ ಹಾಕಿಸಿ ರಟ್ಟಿಗೆ ಅಂಟಿಸಿದರೆ ಕಾರ್ಡು ತಯಾರು. ಹೊಳೆಯುವ ಕಾಗದ ಬೇಡ, ಹೊಳಪಿಲ್ಲದ್ದು ಕೊಡಿ ಎಂದು ಕೇಳಿ. ಹೊಳಪಿನ ಮೇಲೆ ಬೆರಳಚ್ಚು ಕೂರುತ್ತದೆ, ಒಂದರ ಮೇಲೊಂದು ಬಿದ್ದರೆ ಅಂಟಿಕೊಳ್ಳುತ್ತದೆ.

• ತಾಜಮಹಲಿನ ಚಿತ್ರ ಎಲ್ಲರೂ ಕಳಿಸುತ್ತಾರೆ. ನೀವು ನಿಮ್ಮ ಕಡೆಯದನ್ನು ಕಳಿಸಿ. ಯಾಣದ ಕಪ್ಪು ಬಂಡೆ, ಮಿರ್ಜಾನ ಕೋಟೆ, ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಜಾಗ, ನಮ್ಮ ದಂಡೆಗೆ ಎಳೆದಿಟ್ಟ ದೋಣಿ, ಇವು ಬೇರೆ ಯಾರ ಕೈಯಿಂದಲೂ ಅವರಿಗೆ ಸಿಗುವುದಿಲ್ಲ.

• ಆಚೆಯವರು ತಮ್ಮ ಬಗ್ಗೆ ಬರೆದುಕೊಂಡದ್ದನ್ನು ಓದಿಯೇ ಕಾರ್ಡು ಆರಿಸಿ. ಹಕ್ಕಿ ಇಷ್ಟ ಎಂದವರಿಗೆ ಮಿಂಚುಳ್ಳಿಯ ಚಿತ್ರ, ರೈಲು ಇಷ್ಟ ಎಂದವರಿಗೆ ಕೊಂಕಣ ರೈಲ್ವೆಯ ಚಿತ್ರ ಹುಡುಕಿ. ಕೇಳಿದ್ದು ನಿಮ್ಮಲ್ಲಿ ಇಲ್ಲದಿದ್ದರೆ ಬೇಸರ ಬೇಡ, ಇದ್ದದ್ದರಲ್ಲಿ ಚಂದದ್ದು ಕಳಿಸಿ. ಅವರದ್ದು ಆಸೆ, ಹುಕುಂ ಅಲ್ಲ.

• ಹೂವು, ಎಲೆ, ಬೀಜ, ಕಪ್ಪೆಚಿಪ್ಪು ಅಂಟಿಸಬೇಡಿ. ಭಟ್ಕಳದ ಮಲ್ಲಿಗೆ ಎಷ್ಟೇ ಪರಿಮಳದ್ದಾದರೂ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಂಥ ದೇಶಗಳು ಗಿಡಮರದ ತುಣುಕನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಮಲ್ಲಿಗೆಯನ್ನು ಮಾತಿನಲ್ಲೇ ಕಳಿಸಿ. ಹೇಗೆ ಕಟ್ಟುತ್ತಾರೆ, ಯಾವಾಗ ಮುಡಿಯುತ್ತಾರೆ ಎಂದು ಎರಡು ಸಾಲು ಬರೆಯಿರಿ.

ವಿಳಾಸ ಬರೆಯುವಾಗ

• ಮೊದಲು ವಿಳಾಸ ಬರೆಯಿರಿ, ಆಮೇಲೆ ಮಾತು. ಮಾತು ತುಂಬಿಸಿ ಆಮೇಲೆ ವಿಳಾಸಕ್ಕೆ ಜಾಗ ಹುಡುಕುವವರೇ ಹೆಚ್ಚು. ಕಾರ್ಡಿನ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ಬಲಗಡೆ ವಿಳಾಸ ಮತ್ತು ಸ್ಟಾಂಪು ಮಾತ್ರ, ಎಡಗಡೆ ನಿಮ್ಮ ಮಾತು.

• ದೇಶದ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಕೊನೆಯ ಸಾಲಿನಲ್ಲಿ ಇರಲಿ. ಇಲ್ಲಿ ಟಪಾಲು ವಿಂಗಡಿಸುವವರಿಗೆ ಬೇಕಾದ್ದು ಆ ಒಂದು ಸಾಲು. ಉಳಿದದ್ದನ್ನು ಆ ದೇಶದವರು ಓದಿಕೊಳ್ಳುತ್ತಾರೆ.

• ಚೀನಾ, ಜಪಾನ್, ರಷ್ಯಾದ ವಿಳಾಸ ಅವರ ಲಿಪಿಯಲ್ಲಿದ್ದರೆ ನೋಡಿಕೊಂಡು ಬರೆಯುವ ಸಾಹಸ ಬೇಡ. ಅದನ್ನು ಅಚ್ಚು ಹಾಕಿಸಿ ಕತ್ತರಿಸಿ ಅಂಟಿಸಿ. ಒಂದು ಗೆರೆ ಆಚೀಚೆಯಾದರೆ ಬೀದಿಯ ಹೆಸರೇ ಬದಲಾಗಬಹುದು.

• ಕಾರ್ಡಿನ ಸಂಖ್ಯೆಯನ್ನು ಎರಡು ಕಡೆ ಬರೆಯಿರಿ. ನಮ್ಮ ದೇಶದ ಸಂಖ್ಯೆ ಐಎನ್ ಎಂಬ ಎರಡು ಅಕ್ಷರದಿಂದ ಶುರುವಾಗುತ್ತದೆ, ಮುಂದೆ ಅಂಕಿಗಳು. ಒಂದು ಕಡೆ ಮಾತಿನ ಮೇಲೆ, ಇನ್ನೊಂದು ಕಡೆ ಪಕ್ಕದಲ್ಲಿ. ಅಂಚೆ ಮುದ್ರೆ ಒಂದರ ಮೇಲೆ ಬಿದ್ದರೂ ಇನ್ನೊಂದು ಉಳಿಯುತ್ತದೆ. ಸಂಖ್ಯೆ ಕಾಣದಿದ್ದರೆ ಕಾರ್ಡು ಮುಟ್ಟಿಯೂ ಲೆಕ್ಕಕ್ಕೆ ಬರುವುದಿಲ್ಲ.

• ಒಂದು ಮತ್ತು ಏಳನ್ನು ಬಿಡಿಸಿ ಬರೆಯಿರಿ. ಅವಸರದಲ್ಲಿ ಬರೆದರೆ ಎರಡೂ ಒಂದೇ ಆಗುತ್ತವೆ. ಒಂದು ಅಂಕಿ ತಪ್ಪಿದರೆ ಬೇರೆ ಯಾರದ್ದೋ ಕಾರ್ಡಿನ ಸಂಖ್ಯೆಯಾಗುತ್ತದೆ.

• ಕಾರ್ಡಿನ ಕೆಳಗೆ ಒಂದು ಬೆರಳಗಲ ಖಾಲಿ ಬಿಡಿ. ಹೊರದೇಶಗಳಲ್ಲಿ ವಿಂಗಡಿಸುವ ಯಂತ್ರ ಅಲ್ಲಿ ಗೆರೆಗಳನ್ನು ಅಚ್ಚು ಹಾಕುತ್ತದೆ, ಕೆಲವು ಕಡೆ ಚೀಟಿಯನ್ನೇ ಅಂಟಿಸುತ್ತದೆ. ನೀವು ಪ್ರೀತಿಯಿಂದ ಬರೆದ ಕೊನೆಯ ಸಾಲು ಅದರಡಿ ಸೇರಿಹೋಗುತ್ತದೆ.

• ನಿಮ್ಮ ಸ್ವಂತ ವಿಳಾಸ ಕೊಡುವಾಗಲೂ ಅಷ್ಟೇ ಎಚ್ಚರ ಇರಲಿ. ಮನೆಯ ಹೆಸರು, ಕೇರಿ, ಊರು, ತಾಲೂಕು, ಜಿಲ್ಲೆ, ಪಿನ್ ಕೋಡು, ಕೊನೆಗೆ ದೇಶ, ಎಲ್ಲ ಬರಲಿ. ನಮ್ಮ ಜಿಲ್ಲೆಯ ಪಿನ್ ಕೋಡು 581ರಿಂದ ಶುರು. 1972ರ ಆಗಸ್ಟ್ 15ರಿಂದ ಬಂದ ಈ ಆರು ಅಂಕಿ ಇದ್ದರೆ ಇಂಗ್ಲಿಷಿನಲ್ಲಿ ಊರಿನ ಹೆಸರಿನ ಕಾಗುಣಿತ ಕೆಟ್ಟರೂ ಕಾರ್ಡು ದಾರಿ ತಪ್ಪುವುದಿಲ್ಲ.

ಪೆನ್ನು, ಸ್ಟಾಂಪು, ಅಂಟು

• ಬಾಲ್ ಪೆನ್ನಿನಲ್ಲೇ ಬರೆಯಿರಿ. ಜೆಲ್ ಪೆನ್ನಿನ ಬರಹ ಚಂದ ಕಾಣುತ್ತದೆ, ಒಂದು ಹನಿ ನೀರು ಬಿದ್ದರೆ ಹರಿದುಹೋಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯವರು ನಾವು. ವಿಳಾಸ ಬರೆದ ಮೇಲೆ ಒದ್ದೆ ಬೆರಳಿನಿಂದ ಮೂಲೆ ಉಜ್ಜಿ ನೋಡಿ, ಹರಡಿದರೆ ಆ ಪೆನ್ನು ಬೇಡ.

• ಮೂಲೆಗೆ ಅರಿಶಿನ ಹಚ್ಚುವ ಪದ್ಧತಿ ಊರಿನ ಶುಭ ಸಮಾಚಾರದ ಕಾಗದಕ್ಕೆ ಚಂದ. ಹೊರದೇಶದ ಕಾರ್ಡಿಗೆ ಬೇಡ. ತೇವಕ್ಕೆ ಹರಡಿ ವಿಳಾಸವನ್ನೇ ಹಳದಿ ಮಾಡುತ್ತದೆ, ಪಕ್ಕದ ಕಾರ್ಡಿಗೂ ಹತ್ತುತ್ತದೆ.

• ಸ್ಟಾಂಪಿನ ದರವನ್ನು ಕೌಂಟರಿನಲ್ಲೇ ಕೇಳಿ. ಹೋದ ವರ್ಷ ಯಾರೋ ಹೇಳಿದ ದರ ನಂಬಬೇಡಿ. ದೇಶದೊಳಗಿನ 50 ಪೈಸೆಯ ಲೆಕ್ಕವೇ ಬೇರೆ, ವಿಮಾನದ ಟಪಾಲಿನ ಲೆಕ್ಕವೇ ಬೇರೆ. ಒಂದು ರೂಪಾಯಿ ಕಡಿಮೆ ಹಚ್ಚಿದರೂ ಕಾರ್ಡು ನಿಂತೀತು.

• ಒಂದೇ ದೊಡ್ಡ ಸ್ಟಾಂಪಿನ ಬದಲು ಬೇರೆ ಬೇರೆ ಚಿತ್ರದ ಎರಡು ಮೂರು ಹಚ್ಚಿ. ದುಡ್ಡು ಅಷ್ಟೇ, ಆಚೆಯವರ ಸಂತೋಷ ಹೆಚ್ಚು. 2003ರಲ್ಲಿ ಜಲಪಾತಗಳ ಸ್ಟಾಂಪು ಬಂದಾಗ ನಮ್ಮ ಜೋಗವೂ ಅದರಲ್ಲಿತ್ತು. ಅಂಥದ್ದು ಮನೆಯ ಡಬ್ಬಿಯಲ್ಲಿ ಬಳಸದೆ ಉಳಿದಿದ್ದರೆ ಶರಾವತಿಯ ಚಿತ್ರದ ಕಾರ್ಡಿಗೆ ಹಚ್ಚಿ. ಬೆಂಗಳೂರಿಗೆ ಹೋಗುವವರಿದ್ದರೆ ಜಿಪಿಓದ ಅಂಚೆಚೀಟಿ ವಿಭಾಗದಿಂದ ಹೊಸ ಚಿತ್ರದ್ದನ್ನು ತರಿಸಿ.

• ಸ್ಟಾಂಪಿನ ಹಿಂದಿನ ಅಂಟನ್ನೇ ನಂಬಿ ಕೂರಬೇಡಿ. ಮೂಲೆ ಮೂಲೆಗೆ ಒಂದು ಚೂರು ಗೋಂದು ಹಚ್ಚಿ ಒತ್ತಿ, ಭಾರದ ಪುಸ್ತಕದಡಿ ಒಂದು ತಾಸು ಇಡಿ. ಸ್ಟಾಂಪು ಉದುರಿದ ಕಾರ್ಡು ಸ್ಟಾಂಪು ಹಚ್ಚದ ಕಾರ್ಡೇ. ಅನ್ನದ ಅಗುಳು ಮಾತ್ರ ಬೇಡ, ಜಿರಲೆ ಬರುತ್ತದೆ.

• ಸಾಧ್ಯವಾದರೆ ಡಬ್ಬಿಗೆ ಹಾಕದೆ ಕೌಂಟರಿನಲ್ಲೇ ಕೊಡಿ. ಕಣ್ಣೆದುರೇ ಮುದ್ರೆ ಹಾಕಿಕೊಡಿ ಎಂದು ನಯವಾಗಿ ಕೇಳಿ. ಮುದ್ರೆ ಬಿದ್ದ ಸ್ಟಾಂಪನ್ನು ಯಾರೂ ಕಿತ್ತು ತೆಗೆಯುವುದಿಲ್ಲ. ಊರಿನ ಹೆಸರು ಸ್ಪಷ್ಟವಾಗಿ ಬಿದ್ದ ಮುದ್ರೆ ಕಂಡರೆ ಸಂಗ್ರಹ ಮಾಡುವವರಿಗೆ ಹಬ್ಬ.

• ಹಳ್ಳಿಯ ಶಾಖಾ ಅಂಚೆ ಕಚೇರಿ ದಿನಕ್ಕೆ ನಾಲ್ಕೈದು ತಾಸು ಮಾತ್ರ ತೆರೆದಿರುತ್ತದೆ. ಹೊತ್ತು ತಿಳಿದುಕೊಂಡು ಹೋಗಿ, ಮುಚ್ಚುವ ಹೊತ್ತಿಗೆ ಓಡಿ ಹೋಗಿ ಅವರನ್ನು ಅವಸರ ಮಾಡಬೇಡಿ. ಬೇಕಾದ ಬೆಲೆಯ ಸ್ಟಾಂಪು ಅಲ್ಲಿಲ್ಲದಿದ್ದರೆ ಕುಮಟೆಗೆ ಸಂತೆಗೋ ಆಸ್ಪತ್ರೆಗೋ ಹೋದ ದಿನ ತಿಂಗಳಿಗಾಗುವಷ್ಟು ತಂದಿಡಿ. ಅದಕ್ಕೆಂದೇ ಬಸ್ಸಿಗೆ ದುಡ್ಡು ಹಾಕಬೇಡಿ.

• ಬರೆಯುವ ಮೊದಲು ಆ ದೇಶಕ್ಕೆ ಟಪಾಲು ಹೋಗುತ್ತಿದೆಯೇ ಎಂದು ಕೇಳಿಕೊಳ್ಳಿ. 2020ರಲ್ಲಿ ಕೊರೊನಾದಿಂದ ಎಷ್ಟೋ ದೇಶಗಳಿಗೆ ನಿಂತಿತ್ತು. 2025ರ ಆಗಸ್ಟ್ ಕೊನೆಯಲ್ಲಿ ಸುಂಕದ ಗೊಂದಲದಿಂದ ಅಮೆರಿಕಕ್ಕೆ ನಿಂತು ಅಕ್ಟೋಬರಿನಲ್ಲಿ ಮತ್ತೆ ಶುರುವಾಯಿತು. ಹೋಗದ ಊರಿಗೆ ಹಾಕಿದರೆ ಕಾರ್ಡು ಎಲ್ಲೋ ಚೀಲದಲ್ಲಿ ಕೊಳೆಯುತ್ತದೆ.

ಏನು ಬರೆಯಬೇಕು

• "ನಮಸ್ಕಾರ, ಹೇಗಿದ್ದೀರಿ, ನಾನು ಚೆನ್ನಾಗಿದ್ದೇನೆ" ಎಂದಷ್ಟೇ ಬರೆದು ಜಾಗ ಮುಗಿಸಬೇಡಿ. ಇವತ್ತು ನಿಮ್ಮ ಅಂಗಳದಲ್ಲಿ ಏನಿದೆ ಅದನ್ನು ಬರೆಯಿರಿ. ಹಪ್ಪಳ ಒಣಗಿಸಿದ್ದು, ಅಡಿಕೆ ಸುಲಿದದ್ದು, ಮೊದಲ ಮಳೆ ಬಂದದ್ದು. ನಿಮಗೆ ದಿನಾ ಕಾಣುವುದು ಅವರಿಗೆ ಹೊಸದು.

• ಒಂದು ಕಾರ್ಡಿಗೆ ಒಂದೇ ಸಂಗತಿ ಸಾಕು. ಅಘನಾಶಿನಿ ಹೊಳೆಯ ಗಜನಿ ಗದ್ದೆಯಲ್ಲಿ ಉಪ್ಪುನೀರು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ಬಗ್ಗೆ ಬರೆದರೆ ಅಷ್ಟನ್ನೇ ಬರೆಯಿರಿ. ಅದರಲ್ಲೇ ಯಕ್ಷಗಾನ, ಹಬ್ಬ, ಹವೆ ಎಲ್ಲ ತುರುಕಿದರೆ ಯಾವುದೂ ನೆನಪಿರುವುದಿಲ್ಲ.

• ಊರಿನ ಕಥೆ ಹೇಳಿ. ರಾವಣನ ಕೈಯಿಂದ ಆತ್ಮಲಿಂಗ ಗೋಕರ್ಣದಲ್ಲಿ ನೆಲ ಸೇರಿತು, ಸಿಟ್ಟಿನಲ್ಲಿ ಅವನು ಕಿತ್ತೆಸೆದ ಹೊದಿಕೆ, ದಾರವೆಲ್ಲ ಕರಾವಳಿಯುದ್ದ ಬಿದ್ದವು, ದಾರ ಬಿದ್ದ ಜಾಗ ನಮ್ಮ ಧಾರೇಶ್ವರ ಎನ್ನುವುದು ಇಲ್ಲಿಯ ನಂಬಿಕೆ. ಇಷ್ಟು ಬರೆಯಲು ಆರು ಸಾಲು ಸಾಕು. ಹೆಸರುಗಳನ್ನು ಬಿಡಿಸಿ ಬರೆಯಿರಿ, ರಾವಣ ಯಾರೆಂದು ಒಂದು ಮಾತು ಸೇರಿಸಿ. ಅವರಿಗೆ ಗೊತ್ತಿರುವುದಿಲ್ಲ.

• ಅವರ ಊರಿಗೂ ನಿಮ್ಮ ಊರಿಗೂ ಒಂದು ಎಳೆ ಹುಡುಕಿ. ಇಂಗ್ಲೆಂಡಿಗೆ ಬರೆಯುವಾಗ, 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಅಲ್ಲಿಯ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಗಿತ್ತು ಎಂದು ತಿಳಿಸಿ. ಮೀನುಗಾರರ ಊರಿಗೆ ಬರೆಯುವಾಗ, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಅದು ಮೀನು ಮರಿ ಮಾಡುವ ಕಾಲ ಎಂದು ಬರೆಯಿರಿ.

• ತಿಂಡಿಯ ಬಗ್ಗೆ ಬರೆದರೆ ಹೇಗೆ ಮಾಡುವುದು ಎಂದೂ ಬರೆಯಿರಿ. ಬರೀ ತೊಡದೇವು ರುಚಿ ಎಂದರೆ ಏನೂ ತಿಳಿಯುವುದಿಲ್ಲ. ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ, ಅದರ ಬೆನ್ನ ಮೇಲೆ ಅಕ್ಕಿ ಮತ್ತು ಕಬ್ಬಿನ ಹಾಲಿನ ತೆಳು ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಎಳೆಯುವುದು, ಕಾಗದದಷ್ಟು ತೆಳ್ಳಗೆ ಎದ್ದು ಬರುವುದು ಎಂದರೆ ಅವರ ಕಣ್ಣಿಗೆ ಕಟ್ಟುತ್ತದೆ.

• ಯಕ್ಷಗಾನದ ಚಿತ್ರ ಕಳಿಸಿದರೆ ಅದು ಯಾವ ವೇಷ, ಯಾವ ಕಥೆ ಎಂದು ಬರೆಯಿರಿ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಮೇಳವಿದೆ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು ಎಂದು ಸೇರಿಸಿ. ವಿವರ ಇಲ್ಲದ ಚಿತ್ರವನ್ನು ಎರಡು ದಿನ ನೋಡುತ್ತಾರೆ, ವಿವರ ಇದ್ದದ್ದನ್ನು ಮನೆಯವರಿಗೆಲ್ಲ ತೋರಿಸುತ್ತಾರೆ.

• ಕೊನೆಯಲ್ಲಿ ಒಂದು ಸಾಲು ಕನ್ನಡದಲ್ಲಿ ಬರೆದು, ಅವರ ಹೆಸರನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಡಿ. ತಮ್ಮ ಹೆಸರು ದುಂಡಗೆ ಹೀಗೂ ಕಾಣುತ್ತದೆಯೇ ಎಂದು ಬಹಳ ಖುಷಿಪಡುತ್ತಾರೆ. ಇದಕ್ಕೆ ಖರ್ಚೇ ಇಲ್ಲ.

• ತಾರೀಖು, ಊರು ಬರೆಯಲು ಮರೆಯಬೇಡಿ. ಹತ್ತು ವರ್ಷದ ನಂತರ ಕಾರ್ಡು ಕೈಗೆ ಸಿಕ್ಕಾಗ ಯಾವಾಗಿನದು ಎಂದು ಅವರಿಗೆ ತಿಳಿಯಬೇಕಲ್ಲ.

ಏನು ಬರೆಯಬಾರದು

• ಕಾರ್ಡು ತೆರೆದ ಕಾಗದ. ದಾರಿಯಲ್ಲಿ ನಾಲ್ಕಾರು ಜನರ ಕಣ್ಣಿಗೆ ಬೀಳುತ್ತದೆ. ಫೋನ್ ನಂಬರು, ಬ್ಯಾಂಕಿನ ವಿಷಯ, ಮನೆಗೆ ಬೀಗ ಹಾಕಿ ಕಾಶಿಗೆ ಹೋಗುವ ದಿನ, ಇವನ್ನೆಲ್ಲ ಬರೆಯಬೇಡಿ.

• ಏನನ್ನೂ ಬೇಡಬೇಡಿ. ನಾಣ್ಯ ಕಳಿಸಿ, ಉಡುಗೊರೆ ಕಳಿಸಿ, ಕೆಲಸ ಕೊಡಿಸಿ ಎಂದು ಬರೆದ ಕಾರ್ಡು ಓದಿದವರಿಗೆ ಊರಿನ ಬಗ್ಗೆಯೇ ಬೇಸರವಾಗುತ್ತದೆ. ಅವರೇ ಏನಾದರೂ ಹಣದ ವಿಷಯ ಎತ್ತಿದರೆ ಉತ್ತರಿಸುವ ಮೊದಲು ಮನೆಯ ದೊಡ್ಡವರಿಗೆ ತೋರಿಸಿ.

• ಜಗಳದ ವಿಷಯ ಬೇಡ. ಯಾರ ದೇಶ ದೊಡ್ಡದು, ಯಾರ ದೇವರು ದೊಡ್ಡವರು ಎಂದು ಕಾರ್ಡಿನಲ್ಲಿ ತೀರ್ಮಾನವಾಗುವುದಿಲ್ಲ. ಯುದ್ಧ ನಡೆಯುವ ದೇಶದವರ ವಿಳಾಸ ಬಂದರೆ ಕ್ಷೇಮವಾಗಿರಿ ಎಂದು ಹಾರೈಸಿ, ಅಷ್ಟು ಸಾಕು.

ಕಾಯುವಾಗ

• ಕಳಿಸಿದ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿಡಿ. ಹಳೆಯ ನೋಟುಬುಕ್ಕಿನಲ್ಲಿ ಸಂಖ್ಯೆ, ದೇಶ, ತಾರೀಖು ಬರೆದಿಡಿ. ಯಾರಾದರೂ ಸಂಖ್ಯೆ ಓದಲಾಗಲಿಲ್ಲ ಎಂದು ಕೇಳಿದರೆ ತಕ್ಷಣ ಹೇಳಬಹುದು.

• ಹಾಕಿದ ಮರುದಿನದಿಂದ ಎಣಿಸುತ್ತ ಕೂರಬೇಡಿ. ಒಂದು ಮೂರು ವಾರದಲ್ಲಿ ಮುಟ್ಟುತ್ತದೆ, ಒಂದಕ್ಕೆ ಎರಡು ತಿಂಗಳಾಗುತ್ತದೆ. 60 ದಿನ ಕಳೆದರೆ ಆ ಕಾರ್ಡನ್ನು ತಡವಾದದ್ದೆಂದು ಬದಿಗಿಟ್ಟು ನಿಮಗೆ ಇನ್ನೊಂದು ವಿಳಾಸ ಕೇಳಲು ಬಿಡುತ್ತಾರೆ. ಆಮೇಲೆ ಮುಟ್ಟಿದರೂ ಲೆಕ್ಕಕ್ಕೆ ಬರುತ್ತದೆ.

• ಕಾರ್ಡು ಮುಟ್ಟದಿದ್ದರೆ ಯಾರನ್ನೂ ಬೈಯಬೇಡಿ. ಎರಡು ದೇಶದ ಅಂಚೆ, ವಿಮಾನ, ಮಳೆ ಎಲ್ಲ ದಾಟಿ ಅದು ಹೋಗಬೇಕು. ಮುಟ್ಟಿದವನ್ನು ನೆನೆದು ಮುಂದಿನದ್ದು ಬರೆಯಿರಿ.

ಕಾರ್ಡು ಬಂದಾಗ

• ಬಂದ ದಿನವೇ ಸಂಖ್ಯೆ ದಾಖಲು ಮಾಡಿ. ನಾಳೆ ಎಂದು ಕಪಾಟಿನ ಮೇಲಿಟ್ಟರೆ ಮರೆತೇಹೋಗುತ್ತದೆ. ನೀವು ದಾಖಲು ಮಾಡುವ ತನಕ ಕಳಿಸಿದವರಿಗೆ ಬರಬೇಕಾದ ಕಾರ್ಡಿನ ಸರದಿ ನಿಂತಿರುತ್ತದೆ. ನಿಮ್ಮ ಸೋಮಾರಿತನಕ್ಕೆ ಅವರು ಕಾಯಬಾರದು.

• ಧನ್ಯವಾದ ಎಂಬ ಒಂದೇ ಪದ ಕಳಿಸಬೇಡಿ. ಚಿತ್ರದಲ್ಲಿ ಏನು ಇಷ್ಟವಾಯಿತು, ಅವರು ಬರೆದದ್ದರಲ್ಲಿ ಯಾವುದು ನೆನಪಿನಲ್ಲಿ ಉಳಿಯಿತು ಎಂದು ಎರಡು ಮಾತು ಬರೆಯಿರಿ. ಓದಿದ್ದೀರಿ ಎಂದು ಅವರಿಗೆ ಗೊತ್ತಾಗಬೇಕು.

• ಚಿಕ್ಕ ಮಕ್ಕಳ ಸೊಟ್ಟ ಅಕ್ಷರದ ಕಾರ್ಡು, ಮನೆಯಲ್ಲೇ ಬಣ್ಣ ಹಚ್ಚಿದ ಕಾರ್ಡು ಬಂದರೆ ಮೂಗು ಮುರಿಯಬೇಡಿ. ಅಂಗಡಿಯದ್ದಕ್ಕಿಂತ ಅದಕ್ಕೆ ಹೆಚ್ಚು ಹೊತ್ತು ಹಿಡಿದಿರುತ್ತದೆ.

• ತಂದುಕೊಡುವವರನ್ನು ಮರೆಯಬೇಡಿ. ಬೇಸಿಗೆಯಾದರೆ ಒಂದು ಲೋಟ ಮುರುಗಲು ಪಾನಕ, ಮಳೆಯಾದರೆ ಚಹಾ ಕೊಡಿ. ಬಂದ ಕಾರ್ಡನ್ನು ಅವರಿಗೂ ತೋರಿಸಿ, ಯಾವ ದೇಶದ್ದೆಂದು ಹೇಳಿ. ನಿಮ್ಮ ಮನೆಗೆ ವಿದೇಶದ ಕಾರ್ಡು ಬರುತ್ತದೆ ಎಂದು ಅವರಿಗೆ ಗೊತ್ತಿದ್ದರೆ ವಿಳಾಸ ಅರ್ಧ ಅಳಿಸಿದ್ದರೂ ಹುಡುಕಿ ತಂದುಕೊಡುತ್ತಾರೆ.

ಜೋಪಾನ ಮಾಡುವಾಗ

• ಬಂದ ಕಾರ್ಡುಗಳನ್ನು ಗೋಡೆಗೆ ಅಂಟಿಸಬೇಡಿ. ಕಡಲ ಗಾಳಿಯ ಉಪ್ಪು, ಗೋಡೆಯ ತೇವ ಸೇರಿ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನೋಡಬೇಕೆನಿಸಿದರೆ ದಾರ ಕಟ್ಟಿ ಕ್ಲಿಪ್ಪು ಹಾಕಿ ತೂಗಿಸಿ. ಮೇ ಮುಗಿಯುವುದರೊಳಗೆ ತೆಗೆದಿಡಿ.

• ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಕಾರ್ಡುಗಳ ನಡುವೆ ತೆಳು ಕಾಗದ ಹಾಕಿ, ಒಂದು ಮೂಲೆಗೆ ಬಟ್ಟೆಯಲ್ಲಿ ಕಟ್ಟಿದ ಲವಂಗ ಇಡಿ. ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ನಮ್ಮ ಹವೆಗೆ ಬೆವರುತ್ತದೆ, ಚಿತ್ರ ಅದಕ್ಕೇ ಅಂಟಿಕೊಂಡು ಬರುತ್ತದೆ.

• ಬಳಸದ ಸ್ಟಾಂಪುಗಳನ್ನೂ ಹಾಗೇ ಒಣ ಡಬ್ಬಿಯಲ್ಲಿಡಿ. ಜುಲೈ ತಿಂಗಳಲ್ಲಿ ತೆಗೆದರೆ ಎಲ್ಲ ಒಂದೇ ಮುದ್ದೆಯಾಗಿರಬಾರದು. ನಡುವೆ ಬೆಣ್ಣೆ ಕಾಗದ ಹಾಕಿದರೆ ಉಳಿಯುತ್ತವೆ.

• ಮಳೆ ಬಿಟ್ಟ ಮೇಲೆ, ದೀಪಾವಳಿಯ ಸುಮಾರಿಗೆ ಒಮ್ಮೆ ಎಲ್ಲವನ್ನೂ ಜಗುಲಿಯಲ್ಲಿ ಹರಡಿ ಗಾಳಿಗೆ ಇಡಿ. ಬಿರುಬಿಸಿಲಿಗೆ ಬೇಡ, ಶಾಯಿ ಮಾಸುತ್ತದೆ. ಒರಲೆ ಬಂದಿದೆಯೇ ಎಂದು ಡಬ್ಬಿ ಇಟ್ಟ ಜಾಗವನ್ನೂ ನೋಡಿ.

ಮಕ್ಕಳಿಗೆ, ಊರಿಗೆ

• ಮಕ್ಕಳು ಸೇರುವುದಾದರೆ ದೊಡ್ಡವರ ಜೊತೆಯಲ್ಲಿ, ದೊಡ್ಡವರ ಹೆಸರಿನಲ್ಲಿ ಸೇರಲಿ. ಬರೆದದ್ದನ್ನು ಒಮ್ಮೆ ಓದಿ ಕಳಿಸಿ. ಮಗುವಿನ ಅಕ್ಷರವನ್ನು ನೀವು ತಿದ್ದಿ ಬರೆಯಬೇಡಿ, ಅದರ ಚಂದ ಅದರಲ್ಲೇ ಇದೆ.

• ಗೋಡೆಗೆ ಒಂದು ಭೂಪಟ ಹಾಕಿ, ಕಾರ್ಡು ಬಂದ ಊರಿಗೆ ಮಗುವಿನ ಕೈಯಿಂದಲೇ ಗುರುತು ಹಾಕಿಸಿ. ಫಿನ್ಲೆಂಡ್ ಎಲ್ಲಿದೆ, ಅಲ್ಲಿ ಚಳಿಗಾಲದಲ್ಲಿ ಹಗಲು ಎಷ್ಟು ಚಿಕ್ಕದು ಎಂದು ಪರೀಕ್ಷೆಗಾಗಿ ಓದಿದ್ದು ಮರೆಯುತ್ತದೆ, ಕಾರ್ಡು ಬಂದು ತಿಳಿದದ್ದು ಮರೆಯುವುದಿಲ್ಲ.

• ಅಕ್ಟೋಬರ್ 1ನ್ನು ಶಾಲೆಯ ಮಾಸ್ತರರಿಗೆ ನೆನಪಿಸಿ. 1869ರಲ್ಲಿ ಅದೇ ದಿನ ಆಸ್ಟ್ರಿಯಾ-ಹಂಗೇರಿಯಲ್ಲಿ ಜಗತ್ತಿನ ಮೊದಲ ಅಂಚೆ ಕಾರ್ಡು ಹೊರಬಂತು. ನಮ್ಮ ದೇಶಕ್ಕೆ ಬಂದದ್ದು 1879ರ ಜುಲೈ 1ರಂದು, ಕಾಲಾಣೆ ಬೆಲೆಗೆ. ಈಗ ಅಕ್ಟೋಬರ್ 1ನ್ನು ವಿಶ್ವ ಪೋಸ್ಟ್‌ಕಾರ್ಡ್ ದಿನವೆಂದು ಆಚರಿಸುತ್ತಾರೆ. ಅವತ್ತು ಪ್ರತಿ ಮಗುವೂ ಒಂದು ಕಾರ್ಡು ಬರೆಯಲಿ. ದುಬಾರಿ ಕಾರ್ಯಕ್ರಮ ಬೇಡ, ಒಂದು ಮಗುವಿಗೆ 50 ಪೈಸೆ ಸಾಕು.

• ವಯಸ್ಸಾದವರನ್ನೂ ಕೂರಿಸಿಕೊಳ್ಳಿ. ಅಜ್ಜಿ ಹೇಳಲಿ, ನೀವು ಇಂಗ್ಲಿಷಿನಲ್ಲಿ ಬರೆಯಿರಿ, ಕೆಳಗೆ ಅವರೇ ಕನ್ನಡದಲ್ಲಿ ಸಹಿ ಹಾಕಲಿ. ದೂರದಲ್ಲಿ ಯಾರೋ ತನ್ನ ಮಾತು ಓದಿದರು ಎಂದರೆ ಅವರಿಗೆ ಒಂದು ವಾರದ ಗೆಲುವು.

• ನಮ್ಮ ಪೋಸ್ಟಾಫೀಸನ್ನು ಬಳಸಿ. ಡೆನ್ಮಾರ್ಕಿನಲ್ಲಿ ಪೋಸ್ಟ್‌ನಾರ್ಡ್ ಸಂಸ್ಥೆ 400 ವರ್ಷದ ಪತ್ರ ಹಂಚುವ ಕೆಲಸವನ್ನು 2025ರ ಕೊನೆಗೆ ನಿಲ್ಲಿಸಿಬಿಟ್ಟಿತು. ಜನ ಪತ್ರ ಬರೆಯುವುದು ಬಿಟ್ಟದ್ದೇ ಕಾರಣ. ನಮ್ಮಲ್ಲಿ ಇನ್ನೂ ಮನೆ ಬಾಗಿಲಿಗೆ ಬರುತ್ತಾರೆ, ಅದು ಸಣ್ಣ ಸೌಕರ್ಯವಲ್ಲ. ಜನ ಹೋಗದ ಕೌಂಟರು ಎಷ್ಟು ದಿನ ತೆರೆದಿದ್ದೀತು? ತಿಂಗಳಿಗೆ ಒಂದು ಕಾರ್ಡಾದರೂ ಹಾಕಿ.

• ಇಷ್ಟು ಓದಿ "ಆಮೇಲೆ ನೋಡೋಣ" ಎಂದು ಎದ್ದು ಹೋಗಬೇಡಿ. ಬಾಲ್ ಪೆನ್ನು ತೆಗೆದುಕೊಳ್ಳಿ, ಮದುವೆ ಕಾಗದ ಒಂದು ಕತ್ತರಿಸಿಕೊಳ್ಳಿ, ನಡುವೆ ಗೆರೆ ಎಳೆಯಿರಿ. ಬಲಗಡೆ ವಿಳಾಸ ಮೊದಲು.